ಎಂಟು ತಾಸಿನ ದೂರ

ನಮ್ಮೂರು ವಿಜಯಪುರದಿಂದ ಬೆಳಿಗ್ಗೆ ಒಂಬತ್ತೂವರೆಗೆ ಹೊರಡುವ ವಿಮಾನ ಅದೇ ದಿನ ಬೆಳಿಗ್ಗೆ ಒಂಬತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಚಿಲಿ ದೇಶದ ಇಕಿಕೆ ಮುಟ್ಟುತ್ತದೆ. ಅಂದರೆ ಹೊರಟಿದ್ದಕ್ಕಿಂತ ಹದಿನೆಂಟು ನಿಮಿಷ ಮೊದಲೇ. ಇದರಲ್ಲಿ ಮಾಟವೂ ಇಲ್ಲ, ಮಂತ್ರವೂ ಇಲ್ಲ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಎಂಟೂವರೆ ತಾಸು ಹಿಂದೆ ಇದೆ, ಹಾರಾಟಕ್ಕೆ ಹಿಡಿಯುವುದು ಎಂಟು ತಾಸು ಹನ್ನೆರಡು ನಿಮಿಷ. ಆದರೂ ಮೊದಲ ವರ್ಷ ನಮ್ಮ ಓಣಿಯವರು ನನ್ನನ್ನು ನಿಲ್ಲಿಸಿ ನಿಲ್ಲಿಸಿ ಕೇಳುತ್ತಿದ್ದರು, “ಸುಗಲಾಬಾಯಾರ, ಉಳಿದ ಹದಿನೆಂಟು ನಿಮಿಷ ಯಾರ ಪಾಲಿಗೆ ಹೋಗ್ತಾವರಿ?” ನನ್ನ ಪಾಲಿಗೆ ಎಂದು ಹೇಳಿ ಪಾರಾಗುತ್ತಿದ್ದೆ.

ನೇರ ದೂರ ಹದಿನಾರು ಸಾವಿರದ ನಾನೂರು ಕಿಲೋಮೀಟರ್. ಹಿಂದೆ ಅಲ್ಲಿಗೆ ಹೋಗಬೇಕೆಂದರೆ ಮೂರು ಕಡೆ ವಿಮಾನ ಬದಲಿಸಿ, ಎರಡು ದಿನ ಕಳೆದು, ಕಾಲು ಬಾತುಕೊಂಡು ಇಳಿಯಬೇಕಿತ್ತು. ಗಾಳಿಕಾಲುವೆ ಬಂದ ಮೇಲೆ ಅದೆಲ್ಲ ಹೋಯಿತು. ಕಾಲುವೆ ಅಂದರೆ ಕಾಲುವೆಯೇ, ನೀರಿನ ಬದಲು ಗಾಳಿ ಹರಿಯುತ್ತದೆ, ಅಷ್ಟೇ. ಇಪ್ಪತ್ತು ಕಿಲೋಮೀಟರ್ ಎತ್ತರದಲ್ಲಿ, ಇಲ್ಲಿಂದ ಅಲ್ಲಿಯವರೆಗೆ, ನಲವತ್ತು ಕಿಲೋಮೀಟರಿಗೊಂದರಂತೆ ನಾನೂರಾ ಹತ್ತು ಬೀಸಣಿಗೆಗಳು ತೇಲುತ್ತಿವೆ. ಒಂದೊಂದೂ ಊರ ಕೆರೆಯಷ್ಟು ಅಗಲ, ಬಿಸಿಲಿನ ಶಕ್ತಿಯಿಂದ ತಿರುಗುತ್ತವೆ. ಒಂದು ತಳ್ಳಿದ ಗಾಳಿಯನ್ನು ಮುಂದಿನದು ತಳ್ಳುತ್ತದೆ. ಆ ಹರಿವಿನೊಳಗೆ ವಿಮಾನವನ್ನು ಬಿಟ್ಟರೆ ತಾಸಿಗೆ ಎರಡು ಸಾವಿರ ಕಿಲೋಮೀಟರ್ ಓಡುತ್ತದೆ. ಹಾಗಾಗಿ ವಿಮಾನ ಹೆಚ್ಚು ಇಂಧನವನ್ನೂ ಹೊರುವುದಿಲ್ಲ.

ಗಾಳಿ ಒಂದು ಸಲಕ್ಕೆ ಒಂದೇ ಕಡೆ ಹರಿಯಬಲ್ಲದು. ಅದಕ್ಕೇ ಹೊಲಕ್ಕೆ ನೀರು ಬಿಡುವ ಹಾಗೆ ಪಾಳಿ. ಬೆಳಿಗ್ಗೆ ಒಂಬತ್ತೂವರೆಯಿಂದ ಹತ್ತು ತಾಸು ಪಶ್ಚಿಮಕ್ಕೆ, ಎರಡು ತಾಸು ಬಿಡುವು, ಮತ್ತೆ ಹತ್ತು ತಾಸು ಪೂರ್ವಕ್ಕೆ. ಪಶ್ಚಿಮದ ಪಾಳಿ ನಡೆಸುವುದು ಊರ ಹೊರಗೆ ದಿಬ್ಬದ ಮೇಲಿರುವ ನಮ್ಮ ಕಚೇರಿ, ಪೂರ್ವದ ಪಾಳಿ ಇಕಿಕೆಯ ಕಚೇರಿ. ನಾನು ಇಲ್ಲಿಯ ಪಾಳಿ ಅಧಿಕಾರಿ. ಅಲ್ಲಿಯ ಅಧಿಕಾರಿ ಗಂಗಾಂಬಿಕೆ, ನಮ್ಮ ಓಣಿಯ ಹುಡುಗಿ. ಕೆಲಸ ಕಲಿಸಿದವಳು ನಾನು, ಅಲ್ಲಿಗೆ ಹೋಗೆಂದು ಬೆನ್ನು ತಟ್ಟಿದವಳೂ ನಾನು. ಅವಳ ತಾಯಿ ಗುರುಬಸವ್ವ ಒಪ್ಪಿರಲಿಲ್ಲ. ಅವರ ಮನೆಯ ಕಟ್ಟೆಯ ಮೇಲೆ ಕೂತು ನಾನೇ ಒಪ್ಪಿಸಿದ್ದೆ.

“ಎಂಟು ತಾಸಿನ ದಾರಿ ಐತ್ರಿ ಅವ್ವಾರ. ಬೆಂಗಳೂರಿಗೆ ಹೋದಂಗ. ಮನಸ್ಸಾದಾಗ ಬುತ್ತಿ ಕಟಗೊಂಡು ಹೋಗಿ ಬರ್ರಿ.”

“ಎಂಟು ತಾಸ ಅಂತಿ?”

“ಎಂಟು ತಾಸ. ಬೇಕಂದ್ರ ಬರದು ಕೊಡ್ತೀನಿ.”

ನಿಜವೂ ಆಗಿತ್ತು. ಇಲ್ಲಿ ಬಡಿದ ಸಜ್ಜೆ ರೊಟ್ಟಿಯನ್ನು ಮಗಳು ಅಲ್ಲಿ ನಾಷ್ಟಾಕ್ಕೆ ತಿನ್ನುತ್ತಿದ್ದಳು. ಊರಿನವರೆಲ್ಲ ದೂರವನ್ನು ಕಿಲೋಮೀಟರಿನಲ್ಲಿ ಹೇಳುವುದನ್ನೇ ಬಿಟ್ಟಿದ್ದರು. ನಾವು ಎಷ್ಟು ನಿಶ್ಚಿಂತರಾಗಿದ್ದೆವೆಂದರೆ, ಗಂಗಾ ಬಸುರಿಯಾಗಿ, ಅವಳದು ಬಾಂಬೆ ಗುಂಪಿನ ರಕ್ತ, ಹೆರಿಗೆಯಲ್ಲಿ ತೊಂದರೆಯಾದರೆ ಬೇರೆ ಯಾರ ರಕ್ತವೂ ಒಗ್ಗುವುದಿಲ್ಲ ಎಂದು ಡಾಕ್ಟರು ಹೇಳಿದಾಗಲೂ ಯಾರೂ ಗಾಬರಿಯಾಗಲಿಲ್ಲ. ಲಕ್ಷ ಜನರಲ್ಲಿ ಕೆಲವರಿಗಷ್ಟೇ ಇರುವ ಗುಂಪು ಅದು. ಅವಳ ತಮ್ಮ ಪ್ರಭುಲಿಂಗನದೂ ಅದೇ. ಅವನದೂ ಜಿಲ್ಲೆಯ ಇನ್ನಿಬ್ಬರದೂ ಸೇರಿಸಿ ನಾಲ್ಕು ಚೀಲ ರಕ್ತ ಕೂಡಿಟ್ಟಾಗಿತ್ತು. ಹೆರಿಗೆಗೆ ಇನ್ನೂ ಹದಿನೈದು ದಿನ ಇದೆ, ಮುಂದಿನ ವಾರ ಕಳಿಸಿದರಾಯಿತು, ಎಂಟು ತಾಸಿನ ದಾರಿ ತಾನೇ ಎಂದುಕೊಂಡೆವು. ಆ ಮಾತು ಎಲ್ಲರಿಗಿಂತ ಜೋರಾಗಿ ಹೇಳಿದವಳು ನಾನು.

ಮಹಾನವಮಿಯ ದಿನ ಬೆಳಿಗ್ಗೆ ಆರಕ್ಕೆ ಗಂಗಾಳ ಗಂಡನ ಫೋನು ಬಂತು. ರಕ್ತಸ್ರಾವ ಶುರುವಾಗಿದೆ. ಆಪರೇಶನ್ ಮಾಡಲೇಬೇಕು, ಆದರೆ ರಕ್ತ ಕೈಯಲ್ಲಿಲ್ಲದೆ ಮಾಡುವಂತಿಲ್ಲ. ಅಲ್ಲಿಯ ಬೆಳಗಿನ ಒಂಬತ್ತೂವರೆಯವರೆಗೆ ಹೇಗೋ ತಡೆಯುತ್ತೇವೆ, ಅದರ ಮೇಲೆ ತಾಯಿ ಮಗು ಇಬ್ಬರ ಬಗ್ಗೆಯೂ ಮಾತು ಕೊಡಲಾರೆವು ಎಂದಿದ್ದರು ಡಾಕ್ಟರು.

ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ನಮ್ಮ ವಿಮಾನ ಇಳಿಯುವುದು ಒಂಬತ್ತು ಹನ್ನೆರಡಕ್ಕೆ. ಅಲ್ಲಿಂದ ಆಸ್ಪತ್ರೆಗೆ ಹತ್ತು ನಿಮಿಷ. ಪಾಳಿ ಬದಲಾಗುವ ಮುಂಚೆ ಹೊರಡಿಸುವುದು ಸಾಧ್ಯವಿಲ್ಲ, ಗಾಳಿ ಎದುರಿನಿಂದ ಬರುತ್ತಿರುತ್ತದೆ. ಸರಿ, ಕಾಲುವೆ ನೆಟ್ಟಗಿದ್ದರೆ ಎಂಟು ನಿಮಿಷ ಮಿಗುತ್ತದೆ.

ಗುರುಬಸವ್ವನ ಮನೆಗೆ ಓಡಿದೆ. ಅವರು ಅಡುಗೆಮನೆಯಲ್ಲಿ ಒಲೆ ಹೊತ್ತಿಸದೆ ನಿಂತಿದ್ದರು. ಪ್ರಭುಲಿಂಗ ರಕ್ತದ ತಂಪುಪೆಟ್ಟಿಗೆ ತರಲು ಆಗಲೇ ಹೋಗಿದ್ದ.

“ನಂದೂ ತಗೋರಿ ಅಂದ್ನೆವಾ,” ಎಂದರು ನನ್ನನ್ನು ಕಂಡ ಕೂಡಲೇ. “ಆವತ್ತೇ ಅಂದಿದ್ದೆ. ನಿಮ್ಮದು ಬರೂದಿಲ್ಲ ಅಂದ್ರು. ಹೊಟ್ಟ್ಯಾಗ ಇಟಗೊಂಡು ಹಡದಾಕಿ ನಾನು. ನನ್ನ ರಕ್ತ ಯಾಕ ಬರೂದಿಲ್ಲ, ಸುಗಲಾ?”

ಗುಂಪು, ವಂಶವಾಹಿ ಎಂದು ನಾನು ಎರಡು ಸಲ ವಿವರಿಸಿದ್ದೆ. ಅವರಿಗೆ ಅರ್ಥವಾಗದೆ ಇರಲಿಲ್ಲ. ಅರ್ಥವಾಗಿಯೂ ಕೇಳುತ್ತಿದ್ದರು. “ಕಚೇರಿಗೆ ನಡೀರಿ. ಮನ್ಯಾಗ ಒಬ್ಬಾಕೀನ ಕುಂತು ಏನ್ ಮಾಡ್ತೀರಿ,” ಎಂದು ಕೈ ಹಿಡಿದು ಕರೆದುಕೊಂಡು ಬಂದೆ.

ಒಂಬತ್ತೂವರೆಗೆ ಸರಿಯಾಗಿ ಗಾಳಿ ಬಿಟ್ಟೆವು. ನೂರಾ ಹನ್ನೊಂದು ಜನ, ಅವರಲ್ಲಿ ತೊಡೆಯ ಮೇಲೆ ಪೆಟ್ಟಿಗೆ ಇಟ್ಟುಕೊಂಡ ಪ್ರಭುಲಿಂಗ, ಚುಕ್ಕಾಣಿಯಲ್ಲಿ ಮಂಗಳೂರಿನ ಕ್ಯಾಪ್ಟನ್ ಐರಿನ್ ಲೋಬೋ. ವಿಮಾನ ಮೇಲೇರಿ ಹರಿವಿಗೆ ಬಿದ್ದು ಎರಡು ಸಾವಿರದ ವೇಗ ಹಿಡಿದಾಗ ನನ್ನ ಜೊತೆಗಾರ, ಯಂತ್ರಗಳ ಉಸ್ತುವಾರಿ ರಫೀಕ ಇನಾಮದಾರ, “ಬಿಸ್ಮಿಲ್ಲಾ, ಹೊಂಟ್ತು ನೋಡ್ರಿ,” ಎಂದ.

ಅಂದು ಖಂಡೇಪೂಜೆ ಬೇರೆ. ಆಯುಧ, ಯಂತ್ರ ಎಲ್ಲಕ್ಕೂ ಪೂಜೆ. ನಮ್ಮಲ್ಲಿ ಆ ದಿನ ಸ್ಕ್ರೂಡ್ರೈವರಿನಿಂದ ಹಿಡಿದು ದೊಡ್ಡ ಕಂಪ್ಯೂಟರಿನವರೆಗೆ ಎಲ್ಲವನ್ನೂ ಒರೆಸಿ, ಚೆಂಡುಹೂವು ಏರಿಸಿ, ಅರಿಶಿನ ಕುಂಕುಮ ಹಚ್ಚುತ್ತೇವೆ. ಈ ವಿಷಯದಲ್ಲಿ ರಫೀಕನ ಉತ್ಸಾಹಕ್ಕೆ ಮಿತಿಯೇ ಇಲ್ಲ, ಹಿಂದಿನ ಸಂಜೆಯೇ ಕುಂಬಳಕಾಯಿ ತಂದಿಟ್ಟಿದ್ದ. ಒಂದೇ ಕಟ್ಟಳೆ: ಗಾಜಿಗೆ ಏನೂ ಹಚ್ಚಬಾರದು. ಅದು ನಮ್ಮ ಸಿಬ್ಬಂದಿಗೆಲ್ಲ ಬಾಯಿಪಾಠ.

ಹನ್ನೊಂದರ ಹೊತ್ತಿಗೆ ಪೂಜೆ ಮುಗಿದಿತ್ತು. ನಾನು ಪರದೆಯಿಂದ ಕಣ್ಣು ಕಿತ್ತಿರಲಿಲ್ಲ. ಗುರುಬಸವ್ವ ಪೂಜೆಯ ತಾಟು ಹಿಡಿದು ಪಕ್ಕದಲ್ಲಿ ಬಂದು ನಿಂತರು.

“ಸುಗಲಾ, ನಾನೂ ಒಂದೀಟು ಹಚ್ಚಲೇನು?”

“ಹಚ್ಚರಿ ಅವ್ವಾರ. ನಿಮಗ ಎಲ್ಲಿ ಬೇಕೋ ಅಲ್ಲಿ ಹಚ್ಚರಿ.”

“ನನ್ನ ಮಗಳು ಯಾವ ದಿಕ್ಕಿನ್ಯಾಗ ಅದಾಳ?”

ನಾನು ತಲೆ ಎತ್ತದೆ ಎಡಗೈಯಿಂದ ಪಡುವಣದ ಗೋಡೆ ತೋರಿಸಿದೆ. ಅವರು ಹೋದರು. ಒಂದು ಕೈಯಿಂದ ತೋರಿಸಿ ಇನ್ನೊಂದರಿಂದ ಕೆಲಸ ಮಾಡುವ ಈ ಚಾಳಿಯನ್ನು ನಾನು ಅಂದಿನಿಂದ ಬಿಟ್ಟಿದ್ದೇನೆ.

ಹನ್ನೊಂದೂ ಹತ್ತಕ್ಕೆ ಪರದೆಯ ಮೇಲೆ ಕಾಲುವೆ ಒಡೆಯಿತು. ಅಟ್ಲಾಂಟಿಕ್ ಸಾಗರದ ನಟ್ಟನಡುವೆ, ಇನ್ನೂರೈವತ್ತೊಂದನೆಯ ಬೀಸಣಿಗೆಯಿಂದ ಮುನ್ನೂರರವರೆಗೆ, ಗಾಳಿಯ ವೇಗ ಸೊನ್ನೆ. ಎರಡು ಸಾವಿರ ಕಿಲೋಮೀಟರ್ ಉದ್ದದ ತೂತು.

ರಫೀಕ ಓಡಿ ಬಂದ. ಇಬ್ಬರೂ ಕೆಲಸಕ್ಕೆ ಬಿದ್ದೆವು. ಆ ಐವತ್ತಕ್ಕೂ ಜೋರಾಗಿ ತಿರುಗಲು ಆಜ್ಞೆ ಕಳಿಸಿದೆವು. ಉತ್ತರ ಇಲ್ಲ. ಉಪಗ್ರಹದ ಕೊಂಡಿಯೇ ಕಡಿದಿದೆಯೇ ಎಂದು ನೋಡಿದರೆ ಅದರ ಹಸಿರು ದೀಪ ಉರಿಯುತ್ತಲೇ ಇತ್ತು. ಅದೇ ಉಪಗ್ರಹದಿಂದ ಉಳಿದ ಬೀಸಣಿಗೆಗಳ ಸುದ್ದಿ ಬರುತ್ತಲೇ ಇತ್ತು. ಇಕಿಕೆಯನ್ನು ಕೇಳಿಯೂ ಉಪಯೋಗವಿಲ್ಲ. ಉಪಗ್ರಹ ಪಾಳಿ ಯಾರದೋ ಅವರಿಗಷ್ಟೇ ಸುದ್ದಿ ಕೊಡುತ್ತದೆ, ಅವರಿಗೆ ಕಾಣುವುದು ನಮ್ಮ ಪರದೆಯ ನಕಲು ಮಾತ್ರ.

ವಿಮಾನದಲ್ಲಿ ಸ್ವಂತ ಇಂಧನ ಎಂಟುನೂರು ಕಿಲೋಮೀಟರಿಗಾಗುವಷ್ಟು ಇತ್ತು. ಎರಡು ಸಾವಿರದ ತೂತು ದಾಟುವ ಮಾತೇ ಇಲ್ಲ. ಆಫ್ರಿಕಾದ ಪಡುವಣ ದಂಡೆಯಲ್ಲಿ, ನೂರಾ ಎಂಬತ್ತನೆಯ ಬೀಸಣಿಗೆಯ ಹತ್ತಿರ ಕಾಲುವೆಗೆ ಒಂದು ತೂಬಿದೆ. ಅಲ್ಲಿ ಹೊರಬಿದ್ದರೆ ಲುವಾಂಡಾದಲ್ಲಿ ಇಳಿಯಬಹುದು. ಅದು ಬಿಟ್ಟರೆ ಮುಂದೆ ಬರೀ ನೀರು. ವಿಮಾನ ತೂಬಿಗೆ ಬರುವುದು ಒಂದು ಗಂಟೆ ಆರು ನಿಮಿಷಕ್ಕೆ. ಲುವಾಂಡಾದಿಂದ ಮಾಮೂಲಿ ವಿಮಾನ ಹಿಡಿದು ಇಕಿಕೆಗೆ ಹೋಗಲು ಏನಿಲ್ಲವೆಂದರೂ ಹದಿನಾಲ್ಕು ತಾಸು.

“ಮೇಡಂ, ಮುಂದೆ ಸೊನ್ನೆ ತೋರಿಸ್ತಾ ಉಂಟಲ್ಲ,” ಎಂದಿತು ಐರಿನ್ ಲೋಬೋ ದನಿ. “ನಾನೇನು ಮಾಡ್ಬೇಕು?”

“ತೂಬಿನ ತನಕ ಬರ್ರಿ. ಅಷ್ಟರಾಗ ಹೇಳ್ತೀನಿ.”

“ನನ್ನ ಹತ್ರ ನೂರಹನ್ನೊಂದು ಜನ ಇದ್ದಾರೆ ಮೇಡಂ. ಸುಮ್ನೆ ನಂಬಿಕೆ ಮೇಲೆ ಮುಂದೆ ಹೋಗ್ಲಿಕ್ಕಾಗುದಿಲ್ಲ.”

“ನಾನೂ ಹೋಗ ಅನ್ನೂದಿಲ್ರಿ,” ಎಂದೆ. ಅನ್ನುವಂತೆಯೂ ಇರಲಿಲ್ಲ. ಸಂಶಯವಿದ್ದರೆ ಸೊನ್ನೆ ಎಂದೇ ತಿಳಿ, ಸೊನ್ನೆ ಇದ್ದಲ್ಲಿಗೆ ವಿಮಾನ ಬಿಡಬೇಡ. ಆ ನಿಯಮ ಬರೆದ ಸಮಿತಿಯಲ್ಲಿ ನನ್ನದೂ ಸಹಿ ಇದೆ.

ಹನ್ನೆರಡಾಯಿತು. ಹನ್ನೆರಡೂವರೆಯಾಯಿತು. ಎಂಟು ತಾಸು ಎಂದು ಬರೆದು ಕೊಡುವ ಜಂಬ ಮಾಡಿದವಳ ಎದುರಿನಲ್ಲೇ ಆ ಹುಡುಗಿ ಮತ್ತೆ ಹದಿನಾರು ಸಾವಿರದ ನಾನೂರು ಕಿಲೋಮೀಟರ್ ದೂರ ಹೋಗಿಬಿಟ್ಟಳು. ಗಂಗಾ ಸತ್ತರೆ ನಾನೇ ಕೊಂದ ಹಾಗೆ ಎಂದು ಒಳಗೊಳಗೇ ಅನ್ನಿಸತೊಡಗಿತ್ತು.

ಒಂದೇ ಒಂದು ಸಂಗತಿ ಮನಸ್ಸಿಗೆ ಚುಚ್ಚುತ್ತಿತ್ತು. ತೂತು ಅಲುಗುತ್ತಿರಲಿಲ್ಲ. ಗಾಳಿ ಕೆಟ್ಟರೆ ಅಂಚು ಹಿಗ್ಗುತ್ತದೆ, ಕುಗ್ಗುತ್ತದೆ. ಇದು ಸರಿಯಾಗಿ ಇನ್ನೂರೈವತ್ತೊಂದರಿಂದ ಶುರುವಾಗಿ ಸರಿಯಾಗಿ ಮುನ್ನೂರಕ್ಕೆ ಮುಗಿದಿತ್ತು.

“ರಫೀಕ, ಗಾಳಿಗೆ ಎಣಿಕಿ ಬರ್ತದೇನೋ?”

“ಅಂದ್ರ?”

“ಐವತ್ತಕ್ಕ ಐವತ್ತೇ ಹೆಂಗ ಕೆಡ್ತಾವು?”

ಅವನು ತಲೆ ಕೆರೆದುಕೊಂಡ. “ಐವತ್ತೈವತ್ತರದು ಒಂದೊಂದು ಗುಂಪಲ್ಲೇನ್ರಿ. ಒಂದು ಗುಂಪು ಒಂದೊಂದು ಬಣ್ಣದ ಬೆಳಕಿನ್ಯಾಗ ಸುದ್ದಿ ಕಳಸ್ತಾವು. ಇವು ನೀಲಿಯವು.”

ನೀಲಿ ಬೆಳಕು ಮಾತ್ರ ಏಕೆ ಬರುತ್ತಿಲ್ಲ? ಗಡಿಯಾರದಲ್ಲಿ ಒಂದಾಗಲು ಇನ್ನು ಎಂಟೇ ನಿಮಿಷ ಇತ್ತು. ಗುರುಬಸವ್ವನಿಗೆ ಹೇಳಿಬಿಡಬೇಕು, ಬೇರೆಯವರ ಬಾಯಿಂದ ಕೇಳಬಾರದು ಎಂದು ಎದ್ದೆ.

ಅವರು ಮೂಲೆಯ ಬೆಂಚಿನ ಮೇಲೆ, ತೊಡೆಯ ಮೇಲೆ ತಾಟು ಇಟ್ಟುಕೊಂಡು ಕೂತಿದ್ದರು. ಸುದ್ದಿ ಕೆಟ್ಟದ್ದೆಂದು ನನ್ನ ಮುಖ ನೋಡಿಯೇ ಗೊತ್ತಾಯಿತೇನೋ, ಎರಡೂ ಕೈ ಮುಂದೆ ಚಾಚಿ ನನ್ನ ಕೈ ಹಿಡಿದರು. ಅವರ ಬಲಗೈ ಹಳದಿ ಕೆಂಪು. ಒಂದು ಬೆರಳಲ್ಲ, ಅಂಗೈ ಪೂರಾ.

ಬೊಟ್ಟು ಇಡಲು ಒಂದು ಬೆರಳು ಸಾಕು.

“ಅವ್ವಾರ, ನೀವು ಎಲ್ಲಿ ಹಚ್ಚಿದ್ರಿ?”

“ನೀ ತೋರಿಸಿದ ದಿಕ್ಕಿಗೇ ಯವ್ವಾ. ಗ್ವಾಡಿ ತುಂಬ ಹುಡುಕಿದೆ, ಅಲ್ಲಿ ಏನೂ ಇರಲಿಲ್ಲ. ಮ್ಯಾಲ ಮಾಳಿಗಿಗೆ ಹೋದೆ. ಅಲ್ಲಿ ಗಾಜಿನ ಕಣ್ಣು ಅದಾವಲ್ಲ ಮೂರು, ಒಂದು ಪಡುವಲಕ್ಕ ನೋಡಾಕತ್ತಿತ್ತು. ನನ್ನ ಮಗಳನ್ನ ನೋಡೂ ಕಣ್ಣು ಇದ ಅಂತ ಅದಕ್ಕ ಗುಡ್ಯಾಗ ತಾಯೀಗೆ ಹಚ್ಚಿದಂಗ ಕೈ ತುಂಬ ಹಚ್ಚೀನಿ. ರಕ್ತ ಅಂತೂ ಕೊಡಾಕ ಆಗಲಿಲ್ಲ.”

ಉಪಗ್ರಹ ಕಳಿಸುವ ಬೆಳಕನ್ನು ಹಿಡಿಯುವ ಕಣ್ಣು ಅದು. ಅದರ ಮೇಲೆ ಕೆಂಪು ಕುಂಕುಮ. ಕೆಂಪು ಬೆಳಕನ್ನು ಒಳಗೆ ಬಿಡುತ್ತದೆ, ನೀಲಿಯನ್ನು ತಡೆಯುತ್ತದೆ. ಸುದ್ದಿ ಬಾರದ ಕಡೆ ನಮ್ಮ ಕಂಪ್ಯೂಟರು ನಾನೇ ಸಹಿ ಹಾಕಿದ ನಿಯಮದಂತೆ ಸೊನ್ನೆ ಬರೆಯುತ್ತದೆ.

ಐವತ್ತೆರಡು ವರ್ಷದ ಮೊಣಕಾಲು ಇಟ್ಟುಕೊಂಡು ನಾನು ಆ ಮೆಟ್ಟಿಲು ಹೇಗೆ ಹತ್ತಿದೆನೋ ಗೊತ್ತಿಲ್ಲ. ಪಡುವಣದ ಕಣ್ಣು ದಿಗಂತದ ಕಡೆ ಬಾಗಿರುವುದರಿಂದ ಕೆಳಗೇ ಇದೆ, ಗಿಡ್ಡ ಮುದುಕಿಗೂ ಕೈಗೆಟುಕುವಷ್ಟು. ಊಟದ ತಾಟಿನಷ್ಟು ಅಗಲದ ಗಾಜಿನ ಮೇಲೆ ಅರಿಶಿನ, ಅದರ ಮೇಲೆ ಕುಂಕುಮ, ಮೇಲೊಂದು ಚೆಂಡುಹೂವಿನ ಎಸಳು. ಎರಡು ತಾಸಿನ ಬಿಸಿಲಿಗೆ ಒಣಗಿ ಗಟ್ಟಿಯಾಗಿತ್ತು. ಸೆರಗಿನಿಂದ ಒರೆಸಿದೆ. ಗಾಜಿನ ತುಂಬ ಹರಡಿತು, ಇನ್ನೂ ಕೆಟ್ಟಿತು.

“ಕೊಂಡಿ ದೀಪಾನೂ ಆರ್ತು ಬಾಯಾರ!” ಕೆಳಗಿನಿಂದ ರಫೀಕನ ಕೂಗು.

ನೀರು ತರಲು ಹೊತ್ತಿರಲಿಲ್ಲ. ಗಾಜಿನ ಮೇಲೆ ಉಗುಳಿದೆ. ಉಗುಳಿ ಒರೆಸಿದೆ, ಮತ್ತೆ ಉಗುಳಿದೆ, ಬಾಯಿ ಒಣಗುವವರೆಗೂ ಉಗುಳಿ, ಸೆರಗಿನ ಒಂದೊಂದೇ ಚೊಕ್ಕ ಮಡಿಕೆ ಹುಡುಕಿ ತಿಕ್ಕಿದೆ. ಪೂಜೆಯಾದ ವಸ್ತುವಿಗೆ ಉಗುಳಿದ ಪಾಪ ನನ್ನ ತಲೆಗೇ ಇರಲಿ.

“ಬಂತು!” ಎಂದ ರಫೀಕ. “ಎರಡನೂರಾ ಐವತ್ತೊಂದು ಬಂತು! ಐವತ್ತೆರಡು ಬಂತು! ಎಲ್ಲಾ ಬಂದ್ವರೀ ಬಾಯಾರ, ಗಾಳಿ ತುಂಬಿ ಹರಿಯಾಕತ್ತೈತಿ!”

ಮೆಟ್ಟಿಲ ಮೇಲೆ ಕೂತೇ ಕೂಗಿದೆ, “ಲೋಬೋ ಅವರಿಗೆ ಹೇಳೋ, ಮುಂದ ಹೋಗ ಅನ್ನು!”

ಗಡಿಯಾರ ಒಂದು ಗಂಟೆ ಮೂರು ನಿಮಿಷ ತೋರಿಸುತ್ತಿತ್ತು ಎಂದು ಆಮೇಲೆ ರಫೀಕ ಹೇಳಿದ. ಮೆಟ್ಟಿಲ ಮೇಲೆ ನಾನು ಅತ್ತೆ. ಗಂಡ ತೀರಿದಾಗ ಕೂಡ ಅಷ್ಟು ಸದ್ದು ಮಾಡಿ ಅತ್ತಿರಲಿಲ್ಲ. ಇದು ದುಃಖದ ಅಳು ಆಗಿರಲಿಲ್ಲ, ಹಾಗಾಗಿ ಸಂಕೋಚವೂ ಆಗಲಿಲ್ಲ.

ಸಂಜೆ ಐದು ನಲವತ್ತೆರಡಕ್ಕೆ, ಅಂದರೆ ಅಲ್ಲಿಯ ಒಂಬತ್ತು ಹನ್ನೆರಡಕ್ಕೆ, ವಿಮಾನ ಇಕಿಕೆಯಲ್ಲಿ ಇಳಿಯಿತು. ಗುರುಬಸವ್ವನ ಮನೆಯ ಪಡಸಾಲೆಯಲ್ಲಿ ನಾವಿಬ್ಬರೂ ಫೋನನ್ನು ನಡುವೆ ಇಟ್ಟುಕೊಂಡು ಕೂತೆವು. ಅವರು ವಿಭೂತಿ ಹಚ್ಚಿಕೊಂಡು ಕಣ್ಣು ಮುಚ್ಚಿದ್ದರು. ನಾನು ಮೇಲಿನ ಜಂತಿ ಎಣಿಸಿದೆ, ಮುಗಿದ ಮೇಲೆ ಮತ್ತೆ ಮೊದಲಿನಿಂದ ಎಣಿಸಿದೆ. ಏಳೂ ಇಪ್ಪತ್ತಕ್ಕೆ ಪ್ರಭುಲಿಂಗನ ದನಿ ಬಂತು. “ಯವ್ವಾ, ಹೆಣ್ಣು ಕೂಸು. ಅಕ್ಕ ಆರಾಮ ಅದಾಳ. ಮೂರು ಚೀಲ ಏರಿಸ್ಯಾರ, ಒಂದು ಉಳದೈತಿ.”

ಗುರುಬಸವ್ವ ಎದ್ದು ಹೋಗಿ ಒಲೆ ಹೊತ್ತಿಸಿದರು. ಬೆಳಿಗ್ಗೆಯಿಂದ ಹೊತ್ತಿರದ ಒಲೆ ಅದು. ಅವರು ಬಡಿದು ಕೊಟ್ಟ ರೊಟ್ಟಿಯನ್ನು ಬರೀ ಶೇಂಗಾ ಚಟ್ನಿಯಲ್ಲಿ ನಾಲ್ಕು ತಿಂದೆ.

ಮರುದಿನ ಕಚೇರಿಯ ದಿನಚರಿಯಲ್ಲಿ ಇದ್ದದ್ದನ್ನು ಇದ್ದಂತೆ ಬರೆದೆ: ಪಶ್ಚಿಮದ ಕಣ್ಣಿಗೆ ಅರಿಶಿನ ಕುಂಕುಮ ಮೆತ್ತಿತ್ತು, ಎಲ್ಲಿ ಬೇಕಾದರೂ ಹಚ್ಚಲು ಅನುಮತಿ ಕೊಟ್ಟವಳು ನಾನು, ತಪ್ಪು ನನ್ನದು. ಮಾಳಿಗೆಯ ಬಾಗಿಲಿಗೆ ರಫೀಕ ಅಂಗೈಯಗಲದ ಬೀಗ ಜಡಿದ.

ಗಂಗಾ ಆಸ್ಪತ್ರೆಯ ಮಂಚದಿಂದಲೇ ಫೋನು ಮಾಡಿದಳು. ದನಿ ಸಣ್ಣಗಿದ್ದರೂ ತುಂಟತನ ಹೋಗಿರಲಿಲ್ಲ. ನಮ್ಮ ಪಾಳಿಯ ಪರದೆಯ ನಕಲು ತರಿಸಿಕೊಂಡು ನೋಡಿದ್ದಳಂತೆ.

“ಅಕ್ಕಾರ, ನೀಲಿ ಗುಂಪು ಅಷ್ಟ ಹೋಗಿತ್ತು. ಖಂಡೇಪೂಜಿ ಬ್ಯಾರೆ. ಯಾರು ಹಚ್ಚಿದ್ದು?”

“ಕೂಸಿಗೆ ಹಾಲು ಕುಡಿಸಿದೇನು?” ಎಂದೆ.

“ಅವ್ವ ಏನ್ರಿ?” ಎಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಹೊಲಿಗೆ ಎಳೆಯಿತೆಂದು ನರಳಿದಳು. “ಅಕಿಗೆ ಹೇಳಬ್ಯಾಡ್ರಿ ಅಕ್ಕಾರ. ಜಲ್ಮದಾಗ ಹೇಳಬ್ಯಾಡ್ರಿ.”

“ದಿನಚರಿಯೊಳಗ ಅಕಿ ಹೆಸರು ಬರದಿಲ್ಲ. ನೀ ಸುಮ್ಮನ ಮಕ್ಕೋ,” ಎಂದೆ.

ಅಂದು ವಿಜಯದಶಮಿ. ಹೊತ್ತು ಇಳಿಯುವಾಗ ಓಣಿಯ ತುಂಬ ಹೊಸ ಬಟ್ಟೆಯವರು ಬನ್ನಿ ಎಲೆ ಹಿಡಿದು ಮನೆ ಮನೆ ತಿರುಗುತ್ತಿದ್ದರು. ಗುರುಬಸವ್ವ ನಮ್ಮ ಮನೆಗೆ ಮೊದಲು ಬಂದರು. ನನ್ನ ಕೈಗೆ ಬನ್ನಿ ಇಟ್ಟು, “ಬನ್ನಿ ತಗೊಂಡು ಬಂಗಾರದಂಗ ಇರೂಣು, ತಂಗಿ,” ಎಂದರು. ನಾನು ಬಗ್ಗಿ ಕಾಲು ಮುಟ್ಟಿದೆ.

“ನೀ ಹೇಳಿದ್ದು ಖರೇ ಆತು. ಎಂಟು ತಾಸು ಅಂದಿ, ಎಂಟ ತಾಸಿಗೆ ಮುಟ್ಟಿಸಿದಿ,” ಎಂದರು. ಆಮೇಲೆ ಗುಟ್ಟು ಹೇಳುವವರಂತೆ ಹತ್ತಿರ ಬಂದರು. “ಆದ್ರ ಒಂದು ಮಾತು. ಆ ಕಣ್ಣಿಗೆ ನಾ ಹಚ್ಚಿದ್ನಲ್ಲ, ಅದಕ್ಕ ದಾರಿ ಚೊಲೋ ಕಂಡೈತಿ ನೋಡು.”

ಬಾಯಿಗೆ ಬಂದ ಮಾತನ್ನು ನುಂಗಿದೆ. ಹದಿನಾರು ಸಾವಿರದ ನಾನೂರು ಕಿಲೋಮೀಟರಿಗೆ ಕೈ ಚಾಚಿ, ಚಾಚಿದ್ದು ಮುಟ್ಟಿತು ಎಂಬ ನೆಮ್ಮದಿ ಆ ಮುಖದಲ್ಲಿತ್ತು. ಅದನ್ನು ಕಸಿದುಕೊಳ್ಳಲು ನನಗೇನು ಹುಚ್ಚೇ?

“ಹೂನ್ರೀ ಅವ್ವಾರ,” ಎಂದೆ.

“ಇವತ್ತೂ ಹೋಗಿ ಒಂದೀಟು ಹಚ್ಚಿ ಬರ್ತೀನಿ.” ಆಗಲೇ ಸೊಂಟದ ಚೀಲದಿಂದ ಕುಂಕುಮದ ಭರಣಿ ತೆಗೆದಾಗಿತ್ತು. ಬಲಗೈಯ ಹಳದಿ ಇನ್ನೂ ಹೋಗಿರಲಿಲ್ಲ.

ನಾನು ಆ ಕೈಯನ್ನು ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿ, ತಲೆ ಬಗ್ಗಿಸಿ ಹಣೆ ಒಡ್ಡಿದೆ.

“ಇಲ್ಲಿ ಹಚ್ಚರಿ ಅವ್ವಾರ. ಎಷ್ಟ ಬೇಕೋ ಅಷ್ಟ ಹಚ್ಚರಿ.”

ಅವರು ಕೈ ತುಂಬ ಹಚ್ಚಿದರು.